ಮಲಗುವ ಕೋಣೆಯ ಚಿತ್ರಕಾರ

ನಮ್ಮ ಕಾಲೇಜಿನ ವಾಚನಾಲಯದಲ್ಲಿ ವಿನ್ಸೆಂಟ್ ವಾನ್ ಗೋನ ಚಿತ್ರಗಳ ದಪ್ಪನೆಯ ಸಂಪುಟವೊಂದಿದೆ. ಅದರಲ್ಲಿ ಆತನ ಮಲಗುವ ಕೋಣೆಯ ಚಿತ್ರವನ್ನು ಕಂಡಾಗಲೆಲ್ಲ ನನಗೆ ತೀರಿಹೋದ ನನ್ನ ಚಿಕ್ಕಪ್ಪನವರ ನೆನಪಾಗುತ್ತದೆ. ಬುದ್ಧಿಭ್ರಮಣೆಯಾಗುವುದಕ್ಕೆ ಮೊದಲು ಅವರು ಇರುಳೆಲ್ಲ ಜಗಲಿಯ ಮೇಲೆ ಅಡ್ಡಾಡುತ್ತಿದ್ದರು. ಮನೆಯವರಾದ ನಾವು ಅದನ್ನು ಹಟವೆಂದು ಬಗೆದೆವೇ ಹೊರತು, ನಿದ್ದೆ ಬರುವುದಿಲ್ಲವೇ ಎಂದು ಒಬ್ಬರೂ ಕೇಳಲಿಲ್ಲ.

ವಾನ್ ಗೋ ಹಾಲೆಂಡಿನಲ್ಲಿ 1853ರಲ್ಲಿ ಹುಟ್ಟಿದನು. ಚಿತ್ರವ್ಯಾಪಾರಿಗಳ ಅಂಗಡಿಯಲ್ಲಿ ದುಡಿದು, ಗಣಿಕಾರ್ಮಿಕರ ನಡುವೆ ಧರ್ಮಬೋಧೆ ಮಾಡಿ, ಎರಡರಲ್ಲಿಯೂ ನೆಲೆಗಾಣದೆ 1880ರಲ್ಲಿ ಕುಂಚ ಹಿಡಿದನು. 1888ರ ಫೆಬ್ರವರಿಯಲ್ಲಿ ಫ್ರಾನ್ಸಿನ ದಕ್ಷಿಣದ ಆರ್ಲ್ ಪಟ್ಟಣಕ್ಕೆ ಬಂದನು. ಅಲ್ಲಿ ಕಾಫಿ ಮತ್ತು ಮದ್ಯಗಳ ಬಲದಿಂದ ಎಡೆಬಿಡದೆ ದುಡಿದನು. ಇರುಳೆಲ್ಲ ತೆರೆದಿರುವ ಕಾಫಿಗೃಹವೊಂದನ್ನು ಚಿತ್ರಿಸಲು ಆ ಸೆಪ್ಟೆಂಬರಿನಲ್ಲಿ ಮೂರು ರಾತ್ರಿ ಎಚ್ಚರವಿದ್ದು ಹಗಲು ಮಲಗಿದನು. ಅಕ್ಟೋಬರಿನಲ್ಲಿ ದಣಿವು ಮೇಲ್ಗೈಯಾಗಿ, ಒಮ್ಮೆ ಒಂದೇ ಸಮನೆ 16 ಗಂಟೆ ನಿದ್ರಿಸಿದನು. ಆ ದಿನಗಳಲ್ಲಿಯೇ ತನ್ನ ಮಲಗುವ ಕೋಣೆಯನ್ನು ಬರೆದನು: ತೆಳುನೇರಳೆ ಗೋಡೆ, ಬೆಣ್ಣೆಯ ಬಣ್ಣದ ಮಂಚ, ಕಡುಗೆಂಪು ಹೊದಿಕೆ. ನೋಡಿದವರ ಮನಸ್ಸಿಗೆ ವಿಶ್ರಾಂತಿ ದೊರೆಯಬೇಕೆಂಬುದೊಂದೇ ಆತನ ಆಶಯ.

ಡಿಸೆಂಬರ್ 23ರಂದು ಆತನು ತನ್ನ ಕಿವಿಯನ್ನು ಕೊಯ್ದುಕೊಂಡ ಸಂಗತಿ ಎಲ್ಲರಿಗೂ ತಿಳಿದದ್ದೇ. ಅದರ ಮುಂದಿನದನ್ನು ಬಲ್ಲವರು ಕಡಿಮೆ. ಜನವರಿ 7ರಂದು ಆಸ್ಪತ್ರೆಯಿಂದ ಮನೆಗೆ ಮರಳಿದವನಿಗೆ ಎಲ್ಲಕ್ಕಿಂತ ಭಯಂಕರವಾಗಿ ಕಂಡದ್ದು ನಿದ್ರಾಹೀನತೆ. ಆ ಮಾತನ್ನು ವೈದ್ಯನು ಎತ್ತಲಿಲ್ಲ, ಈತನೂ ಹೇಳಲಿಲ್ಲ. ತಾನೇ ದಿಂಬಿನಲ್ಲಿಯೂ ಹಾಸಿಗೆಯಲ್ಲಿಯೂ ಬಹಳಷ್ಟು ಕರ್ಪೂರವನ್ನು ತುಂಬಿಕೊಂಡು ಮಲಗಿದನು. ನಾವು ಆರತಿಗೆ ಬೆಳಗುವ ವಸ್ತು ಆ ಒಂಟಿ ಮನೆಯಲ್ಲಿ ನಿದ್ದೆಯ ಮದ್ದಾಗಬೇಕಾಯಿತು! ತನ್ನ ಸೋದರ ತೇಯೋನಿಗೆ ಈ ಉಪಾಯವನ್ನು ಬರೆದು ತಿಳಿಸಿದನು. ಆದರೆ ಫೆಬ್ರವರಿಯಲ್ಲಿ, ಯಾರೋ ವಿಷವಿಕ್ಕುತ್ತಿದ್ದಾರೆಂಬ ಭ್ರಮೆ ಹತ್ತಿ, ಮತ್ತೆ ಆಸ್ಪತ್ರೆ ಸೇರಬೇಕಾಯಿತು.

ಆತನ ವ್ಯಾಧಿ ಯಾವುದೆಂಬ ವಿಷಯದಲ್ಲಿ ವೈದ್ಯರಿಗೆ ಇಂದಿಗೂ ಒಮ್ಮತವಿಲ್ಲ. ಉನ್ಮಾದವೂ ಖಿನ್ನತೆಯೂ ಬಂದುಹೋಗುವ ಬೈಪೋಲಾರ್ ಕಾಯಿಲೆಯೆಂಬುದು ಹಲವರ ಎಣಿಕೆ. ಆ ಕಾಯಿಲೆಯಲ್ಲಿ ನಿದ್ರಾಭಂಗವು ರೋಗದ ಫಲ ಮಾತ್ರವಲ್ಲ. ಬರಲಿರುವ ಉನ್ಮಾದದ ಮುನ್ಸೂಚನೆಯೂ ಹೌದು, ಕೆಲವೊಮ್ಮೆ ಅದನ್ನು ಕೆರಳಿಸುವ ಕಾರಣವೂ ಹೌದು. ಇದನ್ನು ನಾನು ಓದಿ ಅರಿತದ್ದು ಚಿಕ್ಕಪ್ಪನವರು ಹೋದ ಎಷ್ಟೋ ವರ್ಷಗಳ ಮೇಲೆ.

1889ರ ಮೇ 8ರಂದು ವಾನ್ ಗೋ ತಾನಾಗಿಯೇ ಸೇಂಟ್-ರೆಮಿಯ ಮಾನಸಿಕ ಚಿಕಿತ್ಸಾಲಯವನ್ನು ಸೇರಿದನು. ಸೂರ್ಯೋದಯಕ್ಕೆ ಬಹಳ ಮೊದಲೇ ಎದ್ದು, ಕಿಟಕಿಯಾಚೆ ಬೆಳ್ಳಿಯನ್ನು ನೋಡುತ್ತ ನಿಂತ ಬೆಳಗೊಂದು ಅಲ್ಲಿಯದೇ. ನಕ್ಷತ್ರಗಳ ಇರುಳಿನ ಆತನ ಪ್ರಸಿದ್ಧ ಚಿತ್ರವು ಅದೇ ಜೂನ್ ತಿಂಗಳಿನದು. ಮುಂದಿನ ವರ್ಷದ ಜುಲೈ 29ರಂದು, 37ನೆಯ ವಯಸ್ಸಿನಲ್ಲಿ, ಓವೇರ್ ಎಂಬ ಹಳ್ಳಿಯಲ್ಲಿ ತೀರಿಕೊಂಡನು.

ಕೋಣೆಯ ಮೂಲಚಿತ್ರವು, ಆತನು ಆಸ್ಪತ್ರೆಯಲ್ಲಿದ್ದಾಗ, ತೇವದಿಂದ ಕೆಟ್ಟಿತ್ತು. 1889ರ ಸೆಪ್ಟೆಂಬರಿನಲ್ಲಿ, ಚಿಕಿತ್ಸಾಲಯದಲ್ಲಿ ಕುಳಿತು, ಅದನ್ನೇ ಇನ್ನೆರಡು ಬಾರಿ ಬರೆದನು. ಅವುಗಳಲ್ಲಿ ಚಿಕ್ಕದನ್ನು ಊರಿನಲ್ಲಿದ್ದ ತಾಯಿಗೂ ತಂಗಿಗೂ ಎಂದು ಮಾಡಿದ್ದನು.