ಸೀಮೆಸುಣ್ಣದ ಒಳಗನ್ನು ನೋಡಿದ ಹಕ್ಸ್‌ಲಿ

ಮಕ್ಕಳೇ, ಸೀಮೆಸುಣ್ಣ ನಿಮಗೆಲ್ಲ ಗೊತ್ತು. ಕರಿಹಲಗೆಯ ಮೇಲೆ ಬರೆಯುವ ಬಿಳಿ ಕಡ್ಡಿ. ಈಗ ಈ ಕಡ್ಡಿಗಳನ್ನು ಹೆಚ್ಚಾಗಿ ಜಿಪ್ಸಂ ಎಂಬ ಖನಿಜದ ಪುಡಿಯಿಂದ ಮಾಡುತ್ತಾರೆ. ಆದರೆ ನಿಜವಾದ ಸೀಮೆಸುಣ್ಣ ಭೂಮಿಯಲ್ಲಿ ಸಿಗುವ ಒಂದು ಬಗೆಯ ಮೆತ್ತನೆಯ ಬಿಳಿ ಕಲ್ಲು. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಈ ಕಲ್ಲು ಸಮುದ್ರದ ಅಂಚಿನಲ್ಲೇ ಎತ್ತರದ ಗೋಡೆಯಂತೆ ನಿಂತಿದೆ. ಆ ಕಲ್ಲಿನ ಒಂದು ಚೂರನ್ನು ಪುಡಿ ಮಾಡಿ ಶಕ್ತಿಯುತವಾದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಏನು ಕಾಣುತ್ತದೆ? ಲಕ್ಷಾಂತರ ಪುಟ್ಟ ಬಿಲ್ಲೆಗಳು! ಆ ಬಿಲ್ಲೆಗಳಿಗೆ ಹೆಸರಿಟ್ಟ ವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ. ಅವರ ಬದುಕಿನ ಕಥೆಯನ್ನು ಈಗ ತಿಳಿಯೋಣ.

ಎರಡೇ ವರ್ಷ ಶಾಲೆ

ಹಕ್ಸ್‌ಲಿ ಹುಟ್ಟಿದ್ದು 1825ರ ಮೇ 4ರಂದು, ಲಂಡನ್ ಬಳಿಯ ಈಲಿಂಗ್ ಎಂಬ ಊರಿನಲ್ಲಿ. ತಂದೆ ಅಲ್ಲಿನ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಮನೆ ತುಂಬ ಮಕ್ಕಳು. ಹುಡುಗ ಥಾಮಸ್ ಎಂಟನೆಯ ವಯಸ್ಸಿನಲ್ಲಿ ಶಾಲೆಗೆ ಸೇರಿದ. ಎರಡು ವರ್ಷ ಕಳೆಯುವುದರೊಳಗೆ ತಂದೆಯ ಕೆಲಸ ಹೋಯಿತು, ಸಂಸಾರ ಬೇರೆ ಊರಿಗೆ ಹೋಯಿತು, ಥಾಮಸ್‌ನ ಶಾಲೆಯೂ ನಿಂತಿತು.

ಶಾಲೆ ನಿಂತರೂ ಓದು ನಿಲ್ಲಲಿಲ್ಲ. ಕೈಗೆ ಸಿಕ್ಕ ಪುಸ್ತಕಗಳನ್ನೆಲ್ಲ ಓದಿದ. ಯಾರ ಸಹಾಯವೂ ಇಲ್ಲದೆ ಜರ್ಮನ್ ಭಾಷೆ ಕಲಿತ. ಯಂತ್ರಗಳ ಇಂಜಿನಿಯರ್ ಆಗಬೇಕೆಂಬ ಆಸೆಯಿತ್ತು. ಆದರೆ ಅವಕಾಶ ಸಿಕ್ಕಿದ್ದು ವೈದ್ಯರ ಬಳಿ ಸಹಾಯಕನಾಗಿ. ಮುಂದೆ ವಿದ್ಯಾರ್ಥಿವೇತನ ದೊರೆತು ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಓದಿದ. 1845ರಲ್ಲಿ, ಇಪ್ಪತ್ತರ ವಯಸ್ಸಿನಲ್ಲೇ, ಕೂದಲಿನ ಬುಡದ ಒಳಹೊದಿಕೆಯಲ್ಲಿ ಅದುವರೆಗೆ ಯಾರೂ ಗುರುತಿಸದ ಒಂದು ಪದರವನ್ನು ಕಂಡುಹಿಡಿದ. ಇಂದಿಗೂ ಅದನ್ನು ಹಕ್ಸ್‌ಲಿ ಪದರ ಎಂದೇ ಕರೆಯುತ್ತಾರೆ.

ಹಡಗಿನ ವೈದ್ಯ

1846ರಲ್ಲಿ ಹಕ್ಸ್‌ಲಿ ಅವರು ನೌಕಾಪಡೆಯ 'ರ್‍ಯಾಟಲ್‌ಸ್ನೇಕ್' ಹಡಗಿನಲ್ಲಿ ಸಹಾಯಕ ವೈದ್ಯರಾಗಿ ಹೊರಟರು. ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ಸುತ್ತಲಿನ ಸಮುದ್ರದ ನಕ್ಷೆ ತಯಾರಿಸುವುದು ಆ ಹಡಗಿನ ಕೆಲಸ. ಬಿಡುವು ಸಿಕ್ಕಾಗಲೆಲ್ಲ ಹಕ್ಸ್‌ಲಿ ನೀರಿನಿಂದ ಅಂಬಲಿ ಮೀನು ಮುಂತಾದ ಮೆತ್ತನೆಯ ಜೀವಿಗಳನ್ನು ಹಿಡಿದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಚಿತ್ರ ಬರೆದು, ಲೇಖನಗಳನ್ನು ಲಂಡನ್ನಿಗೆ ಕಳುಹಿಸುತ್ತಿದ್ದರು. 1850ರಲ್ಲಿ ಊರಿಗೆ ಮರಳುವ ಹೊತ್ತಿಗೆ ವಿಜ್ಞಾನಿಗಳಿಗೆ ಅವರ ಹೆಸರು ಪರಿಚಯವಾಗಿತ್ತು. 1851ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ರಾಯಲ್ ಸೊಸೈಟಿಯ ಸದಸ್ಯತ್ವ ಬಂದಿತು. 1854ರಲ್ಲಿ ಲಂಡನ್ನಿನ ಗಣಿವಿಜ್ಞಾನ ಕಾಲೇಜಿನಲ್ಲಿ ಅಧ್ಯಾಪಕರಾದರು.

ತಂತಿಗಾಗಿ ಸಿಕ್ಕ ಕೆಸರು

ಆ ಕಾಲದಲ್ಲಿ ಯೂರೋಪಿನಿಂದ ಅಮೆರಿಕಕ್ಕೆ ಸುದ್ದಿ ಹೋಗಬೇಕಾದರೆ ಹಡಗಿನಲ್ಲೇ ಹೋಗಬೇಕಿತ್ತು. ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿ ಹಾಕಿ ಟೆಲಿಗ್ರಾಫ್ ಕಳುಹಿಸಬೇಕೆಂಬ ಯೋಜನೆ ಆಗ ನಡೆದಿತ್ತು. ಅದಕ್ಕಾಗಿ 1857ರಲ್ಲಿ 'ಸೈಕ್ಲೋಪ್ಸ್' ಎಂಬ ಹಡಗು ಐರ್ಲೆಂಡಿನಿಂದ ನ್ಯೂಫೌಂಡ್‌ಲೆಂಡ್‌ವರೆಗೆ ಸಾಗರದ ಆಳ ಅಳೆಯುತ್ತಾ ಸಾಗಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳದಿಂದ ಮೇಲೆ ಬಂದ ಕೆಸರನ್ನು ಕೆಡದಂತೆ ಆಲ್ಕೊಹಾಲಿನಲ್ಲಿ ಹಾಕಿಟ್ಟರು. ಅದನ್ನು ಪರೀಕ್ಷಿಸುವ ಕೆಲಸ ಹಕ್ಸ್‌ಲಿ ಅವರಿಗೆ ಬಂದಿತು.

ಕೆಸರಿನ ಬಹುಭಾಗ ಗ್ಲಾಬಿಜೆರಿನಾ ಎಂಬ ಏಕಕೋಶ ಜೀವಿಗಳ ಸುಣ್ಣದ ಚಿಪ್ಪುಗಳು. ಅವುಗಳ ನಡುವೆ ಇನ್ನೂ ಎಷ್ಟೋ ಸಣ್ಣದಾದ ದುಂಡನೆಯ ಬಿಲ್ಲೆಗಳಿದ್ದವು. ಹಕ್ಸ್‌ಲಿ ಅವುಗಳ ಮೇಲೆ ತೆಳು ಆಮ್ಲ ಹಾಕಿದರು. ಬಿಲ್ಲೆಗಳು ಬೇಗನೆ ಕರಗಿಹೋದವು. ಹೀಗೆ ಪೂರ್ತಿ ಕರಗುವ ವಸ್ತು ಜೀವಿಯ ಭಾಗವಾಗಿರಲಾರದು ಎಂದು ಅವರು ಭಾವಿಸಿದರು. 1858ರಲ್ಲಿ ಅವುಗಳನ್ನು 'ಕಾಕ್ಕೊಲಿತ್' ಎಂದು ಕರೆದರು. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಕಾಳಿನಂತಹ ಕಲ್ಲು.

ಹೆಸರು ಉಳಿಯಿತು. ಊಹೆ ಉಳಿಯಲಿಲ್ಲ. 1860ರ ಸಮುದ್ರಯಾನದಲ್ಲಿ ಜಾರ್ಜ್ ವಾಲಿಕ್ ಎಂಬ ವೈದ್ಯರು ಇಂಥ ಬಿಲ್ಲೆಗಳು ಒಂದಕ್ಕೊಂದು ಸೇರಿ ಚೆಂಡಿನ ಆಕಾರದಲ್ಲಿರುವುದನ್ನು ಕಂಡರು. ಹೆನ್ರಿ ಸಾರ್ಬಿ ಎಂಬುವರು ಸೀಮೆಸುಣ್ಣದ ಕಲ್ಲಿನಲ್ಲೂ ಅವೇ ಬಿಲ್ಲೆಗಳನ್ನು ನೋಡಿ, ಅವುಗಳ ಆಕಾರದಿಂದ ಇವು ಜೀವಿಯ ಕೆಲಸವೇ ಎಂದರು.

ಕೂಲಿಕಾರರಿಗೆ ಪಾಠ

ವಿಜ್ಞಾನ ಎಲ್ಲರಿಗೂ ತಿಳಿಯಬೇಕು ಎಂಬುದು ಹಕ್ಸ್‌ಲಿ ಅವರ ದೃಢ ನಂಬಿಕೆ. ದುಡಿಯುವ ಜನರಿಗಾಗಿಯೇ ಅವರು ಉಪನ್ಯಾಸಗಳನ್ನು ಕೊಡುತ್ತಿದ್ದರು. 1868ರಲ್ಲಿ ನಾರ್ವಿಚ್ ನಗರದಲ್ಲಿ ಒಂದು ಚೂರು ಸೀಮೆಸುಣ್ಣವನ್ನೇ ವಿಷಯವಾಗಿ ಇಟ್ಟುಕೊಂಡು ಮಾತನಾಡಿದರು. ಆ ನಗರ ನಿಂತಿರುವುದೇ ಸೀಮೆಸುಣ್ಣದ ಕಲ್ಲಿನ ಮೇಲೆ. ಸಾಗರತಳದ ಕೆಸರಿನಲ್ಲಿ ಇರುವುದೂ ಸೀಮೆಸುಣ್ಣದಲ್ಲಿ ಇರುವುದೂ ಒಂದೇ ಬಗೆಯ ಚಿಪ್ಪು, ಬಿಲ್ಲೆಗಳಾದರೆ, ಈ ನೆಲ ಒಂದು ಕಾಲದಲ್ಲಿ ಸಾಗರದ ತಳವಾಗಿತ್ತೆಂದು ತಾನೇ ಅರ್ಥ? ಹೀಗೆ ಅವರು ಕೇಳುಗರನ್ನು ಹೆಜ್ಜೆ ಹೆಜ್ಜೆಯಾಗಿ ಭೂಮಿಯ ಹಳೆಯ ಕಾಲಕ್ಕೆ ಕರೆದೊಯ್ದರು. ಆ ಸೀಮೆಸುಣ್ಣ ಸುಮಾರು 10 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ ಉಂಟಾದದ್ದು ಎಂದು ಇಂದು ನಮಗೆ ತಿಳಿದಿದೆ.

ದೊಡ್ಡ ತಪ್ಪು, ನೇರ ಒಪ್ಪಿಗೆ

ಅದೇ 1868ರಲ್ಲಿ ಹಕ್ಸ್‌ಲಿ ಆ ಹಳೆಯ ಕೆಸರನ್ನು ಇನ್ನೂ ಉತ್ತಮವಾದ ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡಿದರು. ಅಂಟಿನಂತಹ ಲೋಳೆ ಕಂಡಿತು. ಇದು ಸಾಗರತಳದಲ್ಲಿ ಹರಡಿಕೊಂಡಿರುವ ಅತಿ ಸರಳವಾದ ಜೀವಿ, ಕಾಕ್ಕೊಲಿತ್‌ಗಳು ಇದರದೇ ಭಾಗ ಎಂದು ತಿಳಿದು ಅದಕ್ಕೆ 'ಬ್ಯಾಥಿಬಿಯಸ್' ಎಂದು ಹೆಸರಿಟ್ಟರು. ಜಗತ್ತಿನಾದ್ಯಂತ ಸುದ್ದಿಯಾಯಿತು.

1872ರಲ್ಲಿ 'ಚಾಲೆಂಜರ್' ಎಂಬ ಹಡಗು ಸಾಗರಗಳ ಅಧ್ಯಯನಕ್ಕೆ ಹೊರಟಿತು. ಹಡಗಿನವರು ಎಷ್ಟು ಹುಡುಕಿದರೂ ಹೊಸ ಕೆಸರಿನಲ್ಲಿ ಆ ಲೋಳೆ ಕಾಣಲಿಲ್ಲ. ಹಡಗಿನ ರಸಾಯನಶಾಸ್ತ್ರಜ್ಞ ಬುಕನನ್ ಕಾರಣ ಪತ್ತೆ ಮಾಡಿದರು. ಸಮುದ್ರದ ನೀರಿಗೆ ಆಲ್ಕೊಹಾಲ್ ಬೆರೆತಾಗ ಕ್ಯಾಲ್ಸಿಯಂ ಸಲ್ಫೇಟ್ ಲೋಳೆಯಂತೆ ಬೇರ್ಪಡುತ್ತದೆ. ಹಕ್ಸ್‌ಲಿ ಕಂಡದ್ದು ಜೀವಿಯಲ್ಲ, ಸೀಸೆಯೊಳಗೆ ಉಂಟಾದ ರಾಸಾಯನಿಕ!

ಆಗ ಹಕ್ಸ್‌ಲಿ ಹೆಸರಾಂತ ವಿಜ್ಞಾನಿ. ಡಾರ್ವಿನ್ನರ ವಿಕಾಸವಾದದ ಪರವಾಗಿ ವಾದಿಸುತ್ತಿದ್ದ ಅವರಿಗೆ ವಿರೋಧಿಗಳೂ ಬಹಳ. ತಪ್ಪು ಒಪ್ಪಿಕೊಂಡರೆ ಅವರೆಲ್ಲ ನಗುವುದು ಖಂಡಿತ. ಆದರೂ 1875ರಲ್ಲಿ ಈ ವಿಷಯ ತಿಳಿಸಿದ ಪತ್ರವನ್ನು ಹಕ್ಸ್‌ಲಿ ತಾವೇ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿ, ತಪ್ಪಿನ ಹೊಣೆ ಹೊತ್ತರು. ಬೇರೆಯವರು ಪರೀಕ್ಷಿಸಿ ನೋಡಿದ್ದರಿಂದ, ತಪ್ಪು ಮಾಡಿದವರು ಒಪ್ಪಿಕೊಂಡದ್ದರಿಂದ ನಿಜ ಹೊರಬಂದಿತು. ಕಾಕ್ಕೊಲಿತ್‌ಗಳ ಒಡೆಯ ಯಾರೆಂಬುದಕ್ಕೂ ಅದೇ ಹಡಗಿನಲ್ಲಿ ಸುಳಿವು ಸಿಕ್ಕಿತು. ಜಾನ್ ಮರ್ರೆ ಎಂಬ ವಿಜ್ಞಾನಿ ಅತಿ ಸಣ್ಣ ಕಣ್ಣಿನ ಬಲೆಯಿಂದ ಸಾಗರದ ಮೇಲ್ಭಾಗದ ನೀರನ್ನು ಸೋಸಿದಾಗ ಬಿಲ್ಲೆ ಹೊದ್ದ ಜೀವಿಗಳು ಅಲ್ಲಿ ದೊರೆತವು. ತಳದ ಕೆಸರಿನ ಬಿಲ್ಲೆಗಳು ಮೇಲಿನಿಂದ ಇಳಿದು ಬಂದವು!

ಕೊನೆಯ ದಿನಗಳು

ಹಕ್ಸ್‌ಲಿ 1870ರಲ್ಲಿ ಲಂಡನ್ ಶಾಲಾ ಮಂಡಳಿಗೆ ಆಯ್ಕೆಯಾದರು. ಬಡವರ ಮಕ್ಕಳೂ ವಿಜ್ಞಾನ, ಚಿತ್ರಕಲೆ, ಸಂಗೀತ, ವ್ಯಾಯಾಮ ಕಲಿಯಬೇಕೆಂದು ಶ್ರಮಿಸಿದರು. ಶಾಲಾ ಶಿಕ್ಷಕರಿಗೆ ಪ್ರಯೋಗಗಳನ್ನು ಮಾಡಿ ಕಲಿಯುವ ತರಬೇತಿ ನೀಡಿದರು. 1883ರಿಂದ 1885ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. ಕೊನೆಗೆ ಈಸ್ಟ್‌ಬೋರ್ನ್ ಎಂಬ ಊರಿನಲ್ಲಿ ಮನೆ ಕಟ್ಟಿಸಿಕೊಂಡು ನೆಲೆಸಿದರು. ಸೀಮೆಸುಣ್ಣದ ಆ ಬಿಳಿ ಬಂಡೆಗಳು ಅಲ್ಲಿಂದ ಬಹಳ ಹತ್ತಿರ. 1895ರ ಜೂನ್ 29ರಂದು ಅಲ್ಲೇ ತೀರಿಕೊಂಡರು.

1902ರಲ್ಲಿ ಜರ್ಮನಿಯ ಲೋಮನ್ ಎಂಬ ವಿಜ್ಞಾನಿ ಬಿಲ್ಲೆ ಹೊದ್ದ ಒಂದು ಸಸ್ಯ ಪ್ಲವಕಕ್ಕೆ ಹಕ್ಸ್‌ಲಿ ಅವರ ಹೆಸರನ್ನು ಸೇರಿಸಿದರು. ಇಂದು ಅದು 'ಎಮಿಲಿಯಾನಿಯಾ ಹಕ್ಸ್‌ಲಿಯೈ' ಎಂದು ಪ್ರಸಿದ್ಧ.

ಸಾಗರವನ್ನೇ ಬಿಳಿಯಾಗಿಸುವ ಜೀವಿ

ಪ್ಲವಕಗಳೆಂದರೆ ನೀರಿನ ಜೊತೆ ತೇಲುವ ಸೂಕ್ಷ್ಮ ಜೀವಿಗಳು. ಹಕ್ಸ್‌ಲಿ ಹೆಸರಿನ ಪ್ಲವಕ ಎಷ್ಟು ಸಣ್ಣದೆಂದರೆ, ನಿಮ್ಮ ಅಳತೆಪಟ್ಟಿಯ ಒಂದು ಮಿಲಿಮೀಟರ್ ತುಂಬಲು ಸುಮಾರು 200 ಜೀವಿಗಳನ್ನು ಸಾಲಾಗಿ ಇಡಬೇಕು. ಬಿಸಿಲು ಮತ್ತು ಪೋಷಕಾಂಶ ಒಟ್ಟಿಗೆ ಸಿಕ್ಕಾಗ ಇವು ಒಮ್ಮೆಗೇ ಅಪಾರವಾಗಿ ಹೆಚ್ಚುತ್ತವೆ. ಇದಕ್ಕೆ 'ಬ್ಲೂಮ್' ಎನ್ನುತ್ತಾರೆ. ಆಗ ಒಂದು ಲೀಟರ್ ನೀರಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜೀವಿಗಳಿರಬಹುದು. ಕಳಚಿದ ಬಿಲ್ಲೆಗಳು ಬೆಳಕನ್ನು ಚದುರಿಸುವುದರಿಂದ ಸಾಗರ ಹಾಲು ಬೆರೆಸಿದ ತಿಳಿನೀಲಿಯಾಗಿ ಉಪಗ್ರಹಗಳಿಗೂ ಕಾಣುತ್ತದೆ. 1991ರಲ್ಲಿ ಐಸ್‌ಲೆಂಡಿನ ದಕ್ಷಿಣಕ್ಕೆ ಕಂಡ ಬ್ಲೂಮ್ ಸುಮಾರು ಎರಡೂವರೆ ಲಕ್ಷ ಚದರ ಕಿಲೋಮೀಟರ್ ಹರಡಿತ್ತು. ಇಡೀ ಕರ್ನಾಟಕಕ್ಕಿಂತ ದೊಡ್ಡದು!

ಈ ಜೀವಿಗಳು ಇಂಗಾಲದ ವಿಷಯದಲ್ಲಿ ಎರಡು ಕೆಲಸ ಮಾಡುತ್ತವೆ. ಹಸಿರು ಗಿಡಗಳಂತೆ ದ್ಯುತಿಸಂಶ್ಲೇಷಣೆ ನಡೆಸುವಾಗ ಇಂಗಾಲದ ಡೈಆಕ್ಸೈಡನ್ನು ಹೀರುತ್ತವೆ. ಆದರೆ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನಿಂದ ಸುಣ್ಣದ ಬಿಲ್ಲೆ ಮಾಡುವಾಗ, ಒಂದು ಪಾಲು ಇಂಗಾಲ ಬಿಲ್ಲೆಗೆ ಸೇರಿದರೆ ಇನ್ನೊಂದು ಪಾಲು ಇಂಗಾಲದ ಡೈಆಕ್ಸೈಡ್ ಆಗಿ ನೀರಿಗೆ ಮರಳುತ್ತದೆ. ಆದ್ದರಿಂದ ಬ್ಲೂಮ್ ಆದಷ್ಟೂ ಗಾಳಿಯ ಇಂಗಾಲ ಕಡಿಮೆಯಾಗುತ್ತದೆ ಎಂದು ಹೇಳುವಂತಿಲ್ಲ.

ಬಿಲ್ಲೆಗಳಿಗೆ ಇನ್ನೊಂದು ಉಪಯೋಗವಿದೆ. ಅವು ಭಾರ. ಒಂಟಿ ಬಿಲ್ಲೆ ತೀರ ನಿಧಾನವಾಗಿ ಮುಳುಗುತ್ತದೆ. ಆದರೆ ಸಣ್ಣ ಪ್ರಾಣಿಗಳು ಈ ಪ್ಲವಕಗಳನ್ನು ತಿಂದು ಹಾಕುವ ಹಿಕ್ಕೆಯಲ್ಲಿ ಬಿಲ್ಲೆಗಳು ಒತ್ತಾಗಿ ಸೇರಿರುವುದರಿಂದ ಅದು ಬೇಗ ಕೆಳಗಿಳಿಯುತ್ತದೆ, ಜೊತೆಗೆ ಜೀವಿಗಳ ದೇಹದ ಇಂಗಾಲವನ್ನೂ ಆಳಕ್ಕೆ ಒಯ್ಯುತ್ತದೆ. ಹೀಗೆ ಕೋಟ್ಯಂತರ ವರ್ಷ ಬಿದ್ದ ಸುಣ್ಣವೇ ಹಕ್ಸ್‌ಲಿ ಕಂಡ ಸೀಮೆಸುಣ್ಣ.

ಈಗೊಂದು ಚಿಂತೆ ಎದುರಾಗಿದೆ. ನಾವು ಕಲ್ಲಿದ್ದಲು, ಪೆಟ್ರೋಲ್ ಉರಿಸಿ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗವನ್ನು ಸಾಗರ ಹೀರಿಕೊಳ್ಳುತ್ತಿದೆ. ಇದರಿಂದ ಅದರ ನೀರಿನ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಸಾಗರ ಇನ್ನೂ ಪ್ರತ್ಯಾಮ್ಲೀಯವೇ, ಆದರೆ ಆಮ್ಲದ ಕಡೆಗೆ ಸರಿಯುತ್ತಿದೆ. ಆಮ್ಲ ತಾಗಿದ ಬಿಲ್ಲೆಗಳಿಗೆ ಏನಾಯಿತೆಂದು ನೆನಪಿದೆಯೇ? ಪ್ರಯೋಗಶಾಲೆಗಳಲ್ಲಿ ಬೇರೆ ಬೇರೆ ಉತ್ತರಗಳು ಬಂದಿವೆ. ಕೆಲವು ಪ್ರಯೋಗಗಳಲ್ಲಿ ಬಿಲ್ಲೆಗಳು ತೆಳುವಾದವು, ಕೆಲವುಗಳಲ್ಲಿ ಹಾಗಾಗಲಿಲ್ಲ. ಹಕ್ಸ್‌ಲಿ ಅವರ ಕಥೆಯಲ್ಲಿ ಆದಂತೆ ಇಲ್ಲಿಯೂ ಒಬ್ಬರು ಕಂಡದ್ದನ್ನು ಇನ್ನೊಬ್ಬರು ಪರೀಕ್ಷಿಸುತ್ತಿದ್ದಾರೆ.

ನೀವೇ ಮಾಡಿ ನೋಡಿ

ಮೊಟ್ಟೆಯ ಚಿಪ್ಪು ಕೂಡ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ಲೋಟದಲ್ಲಿ ನೀರು, ಇನ್ನೊಂದರಲ್ಲಿ ನಿಂಬೆರಸ ಹಾಕಿ. ಎರಡಕ್ಕೂ ತೊಳೆದ ಚಿಪ್ಪಿನ ಚೂರು ಹಾಕಿ. ಯಾವುದರಲ್ಲಿ ಗುಳ್ಳೆಗಳು ಏಳುತ್ತವೆ? ಆ ಗುಳ್ಳೆಗಳಲ್ಲಿರುವ ಅನಿಲ ಯಾವುದು? ಮರುದಿನ ಚಿಪ್ಪುಗಳನ್ನು ಮುಟ್ಟಿ ನೋಡಿ. ಸಾಗರದ ನೀರು ನಿಂಬೆರಸದಷ್ಟು ಹುಳಿಯಲ್ಲ ಎಂಬುದನ್ನೂ ನೆನಪಿಡಿ. ಕಂಡದ್ದನ್ನು ಬರೆದಿಡಿ. ಗೆಳೆಯರಿಗೂ ಮಾಡಲು ಹೇಳಿ, ಅವರು ಕಂಡದ್ದು ಬೇರೆಯಾಗಿದ್ದರೆ ಏಕೆಂದು ಸೇರಿ ಯೋಚಿಸಿ.