ಬಾಗಿಲು ತೆರೆಯದ ಸೆರೆಮನೆಯಲ್ಲಿ ಕ್ರಿಸ್ಮಸ್

 

ಡಿಸೆಂಬರ್ ಬಂತು. ಸ್ಟಾರ್ ಕಟ್ಟಿದ್ದೀವಿ, ಕ್ಯಾರಲ್ಸ್ ಪ್ರಾಕ್ಟೀಸ್ ನಡೀತಾ ಇದೆ, ಕೇಕ್ ಆರ್ಡರ್ ಆಗಿದೆ. ಆದರೆ ಇಲ್ಲಿ ಕೂತಿರುವ ಕೆಲವರ ಮನಸ್ಸಿನಲ್ಲಿ ಹಬ್ಬ ಇಲ್ಲ ಅಂತ ನನಗೆ ಗೊತ್ತು. ಕೆಲಸ ಹೋಗಿದೆ. ಮನೆಯಲ್ಲಿ ಒಬ್ಬರು ತೀರಿಕೊಂಡ ಮೇಲೆ ಇದು ಮೊದಲ ಕ್ರಿಸ್ಮಸ್. ವರ್ಷವಿಡೀ ಉಪವಾಸ ಇದ್ದು ಪ್ರಾರ್ಥನೆ ಮಾಡಿದ್ದೀರಿ, ಬಾಗಿಲು ತೆರೆದಿಲ್ಲ. ಪಕ್ಕದವರು ಸಾಕ್ಷಿ ಹೇಳುವಾಗ ನೀವೂ ಆಮೆನ್ ಅಂತೀರಿ. ಒಳಗೊಳಗೇ ನನಗ್ಯಾಕೆ ಆಗಲಿಲ್ಲ ಕರ್ತನೇ ಅಂತ ಕೇಳ್ತೀರಿ. ನಿಮಗೋಸ್ಕರ ಈ ಹೊತ್ತು ಒಬ್ಬ ದೇವರ ಸೇವಕರ ಜೀವಿತವನ್ನು ಹೇಳ್ತೀನಿ.

ಅವರ ಹೆಸರು ಡೀಟ್ರಿಕ್ ಬಾನ್‌ಹಾಫರ್. 1906ರಲ್ಲಿ ಜರ್ಮನಿಯ ಬ್ರೆಸ್ಲಾವ್ ಪಟ್ಟಣದಲ್ಲಿ ಹುಟ್ಟಿದರು. ತಂದೆ ಹೆಸರಾಂತ ಮನೋವೈದ್ಯರು. ಮನೆಯಲ್ಲಿ ಎಂಟು ಮಕ್ಕಳು. ಇವರಿಗೆ 12 ವರ್ಷವಾಗಿದ್ದಾಗ ಅಣ್ಣ ವಾಲ್ಟರ್ ಮೊದಲನೇ ಮಹಾಯುದ್ಧದಲ್ಲಿ ಗಾಯಗೊಂಡು ಸತ್ತರು. ಸಾವು ಮನೆಯೊಳಗೆ ಬಂದರೆ ಹೇಗಿರುತ್ತದೆ ಅಂತ ಚಿಕ್ಕ ವಯಸ್ಸಿನಲ್ಲೇ ಕಂಡವರು. ಓದಿನಲ್ಲಿ ತುಂಬ ಜಾಣರು, 21ನೇ ವಯಸ್ಸಿಗೇ ದೇವರಶಾಸ್ತ್ರದಲ್ಲಿ ಡಾಕ್ಟರೇಟ್ ಮುಗಿಸಿದರು.

1930ರಲ್ಲಿ ಓದಲಿಕ್ಕೆ ನ್ಯೂಯಾರ್ಕ್‌ಗೆ ಹೋದರು. ಅಲ್ಲಿ ಹಾರ್ಲೆಮ್‌ನಲ್ಲಿ ಕಪ್ಪು ಜನರ ಒಂದು ಬ್ಯಾಪ್ಟಿಸ್ಟ್ ಸಭೆಗೆ ಹೋಗಿ ಸಂಡೇ ಸ್ಕೂಲ್ ಕಲಿಸಿದರು. ತುಳಿತಕ್ಕೆ ಒಳಗಾದ ಜನ ಕಣ್ಣೀರಿನ ಮಧ್ಯದಲ್ಲಿ ಹೇಗೆ ಕರ್ತನನ್ನು ಸ್ತುತಿಸುತ್ತಾರೆ ಅಂತ ಅಲ್ಲಿ ನೋಡಿದರು. ಅವರ ಹಾಡುಗಳ ರೆಕಾರ್ಡುಗಳನ್ನು ಜರ್ಮನಿಗೆ ಹೊತ್ತುಕೊಂಡು ಬಂದರು.

1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದ. ದುಃಖದ ಮಾತು ಏನಂದರೆ, ಸಭೆಗಳಲ್ಲಿ ಬಹಳ ಜನ ಅವನಿಗೆ ತಲೆಬಾಗಿದರು. ಯೆಹೂದಿ ಮೂಲದ ವಿಶ್ವಾಸಿಗಳನ್ನು ಸೇವೆಯಿಂದ ತೆಗೆದುಹಾಕಬೇಕು ಅನ್ನುವ ತನಕ ಹೋಯಿತು. ಬಾನ್‌ಹಾಫರ್ ಒಪ್ಪಲಿಲ್ಲ. ಗಾಂಧೀಜಿಯವರ ಹತ್ತಿರ ಬಂದು ಕಲಿಯಬೇಕು ಅಂತ ಅವರಿಗೆ ಆಸೆ ಇತ್ತು, 1934ರಲ್ಲಿ ಗಾಂಧೀಜಿ ಆಶ್ರಮಕ್ಕೆ ಕರೆದರು ಕೂಡ. ಆದರೆ 1935ರಲ್ಲಿ ಹಿಟ್ಲರನಿಗೆ ಬಗ್ಗದ ಸಭೆಯವರು ಯೌವನಸ್ಥ ಪಾಸ್ಟರುಗಳಿಗೆ ತರಬೇತಿ ಕೊಡುವ ಕೆಲಸ ಒಪ್ಪಿಸಿದರು. ಭಾರತದ ಪ್ರಯಾಣ ಬಿಟ್ಟು ಅದನ್ನೇ ಆರಿಸಿಕೊಂಡರು. ಎರಡು ವರ್ಷದಲ್ಲಿ ಗೆಸ್ಟಾಪೊ ಪೊಲೀಸರು ಬಂದು ಅದನ್ನೂ ಮುಚ್ಚಿಸಿದರು.

1939ರ ಜೂನ್‌ನಲ್ಲಿ ಸ್ನೇಹಿತರು ಸೇರಿ ಅವರನ್ನು ಅಮೆರಿಕಕ್ಕೆ ಕಳಿಸಿಕೊಟ್ಟರು. ಸುರಕ್ಷಿತ ಜಾಗ, ಒಳ್ಳೆ ಕೆಲಸ. ನಮಗೆ ವೀಸಾ ಸಿಕ್ಕಿದರೆ ಸಾಕ್ಷಿ ಹೇಳ್ತೀವಿ ಅಲ್ವಾ? ಅವರಿಗೋ ನಿದ್ರೆ ಬರಲಿಲ್ಲ. ತನ್ನ ಜನರ ಕಷ್ಟದಲ್ಲಿ ಪಾಲು ತೆಗೆದುಕೊಳ್ಳದೆ ಹೋದರೆ ಯುದ್ಧ ಮುಗಿದ ಮೇಲೆ ಅವರ ಮುಂದೆ ಸೇವಕನಾಗಿ ನಿಲ್ಲುವ ಹಕ್ಕು ತನಗಿಲ್ಲ ಅಂತ ತೀರ್ಮಾನಿಸಿದರು. ಜುಲೈನಲ್ಲೇ ಹಡಗು ಹತ್ತಿ ವಾಪಸ್ ಬಂದರು. ಮುಂದೆ ಹಿಟ್ಲರನನ್ನು ಇಳಿಸಲು ಗುಟ್ಟಾಗಿ ಕೆಲಸ ಮಾಡುತ್ತಿದ್ದವರ ಜೊತೆ ಸೇರಿದರು. ಯೆಹೂದಿಗಳ ಒಂದು ಸಣ್ಣ ಗುಂಪನ್ನು ಸ್ವಿಟ್ಜರ್‌ಲೆಂಡ್‌ಗೆ ದಾಟಿಸುವ ಕೆಲಸದಲ್ಲಿ ಕೈ ಹಾಕಿದರು.

1943ರ ಜನವರಿಯಲ್ಲಿ ಮರಿಯಾ ಅನ್ನುವ ತಂಗಿಯ ಜೊತೆ ಮದುವೆ ನಿಶ್ಚಯವಾಯಿತು. ಆಕೆಗೆ 18 ವರ್ಷ. ಹಿಂದಿನ ವರ್ಷವಷ್ಟೇ ಯುದ್ಧದಲ್ಲಿ ತಂದೆಯನ್ನೂ ಅಣ್ಣನನ್ನೂ ಕಳೆದುಕೊಂಡಿದ್ದಳು. ಮೂರು ತಿಂಗಳು ಕಳೆಯುವುದರೊಳಗೆ, ಏಪ್ರಿಲ್ 5ರಂದು, ಬಾನ್‌ಹಾಫರ್ ಅರೆಸ್ಟ್ ಆದರು. ಬರ್ಲಿನ್‌ನ ಟೇಗೆಲ್ ಸೆರೆಮನೆ. ಮೊದಲ ದಿನಗಳಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ. ರೊಟ್ಟಿಯನ್ನು ಬಾಗಿಲ ಸಂದಿಯಿಂದ ನೆಲಕ್ಕೆ ಎಸೆಯುತ್ತಿದ್ದರು.

ಕ್ರಿಸ್ಮಸ್ ಒಳಗೆ ಬಿಡುಗಡೆ ಆಗಬಹುದು ಅಂತ ಆಸೆ ಇಟ್ಟುಕೊಂಡಿದ್ದರು. ಆಗಲಿಲ್ಲ. ಮರಿಯಾ ಊರಿನಿಂದ ದೊಡ್ಡ ಕ್ರಿಸ್ಮಸ್ ಮರ ಹೊತ್ತು ತಂದಳು. ಅದು ಸೆಲ್ಲಿನಲ್ಲಿ ಹಿಡಿಸಲಿಲ್ಲ! ಎಲ್ಲರೂ ನಕ್ಕರು. ಕೊನೆಗೆ ಕಾವಲುಗಾರರ ರೂಮಿನಲ್ಲಿ ಇಟ್ಟು, ನೋಡಲಿಕ್ಕೆ ಅವರನ್ನು ಅಲ್ಲಿಗೇ ಕರೆದರು.

ಆ ಡಿಸೆಂಬರ್‌ನಲ್ಲಿ ಅವರು ಏನು ಮಾಡಿದರು ಗೊತ್ತಾ? ಜೊತೆ ಕೈದಿಗಳಿಗೋಸ್ಕರ ಪ್ರಾರ್ಥನೆಗಳನ್ನು ಬರೆದರು. ಬೆಳಿಗ್ಗೆಗೆ ಒಂದು, ರಾತ್ರಿಗೆ ಒಂದು, ಸಂಕಟದ ಹೊತ್ತಿಗೆ ಒಂದು. ಪ್ರಾರ್ಥಿಸಲು ಬಾಯಿ ಬಾರದವರ ಕೈಗೆ ಆ ಪ್ರಾರ್ಥನೆಗಳು ಸೇರಿದವು. ತಂದೆತಾಯಿಗೆ ಬರೆದ ಪತ್ರದಲ್ಲಿ, ಛತ್ರದಲ್ಲಿ ಸ್ಥಳ ಸಿಗದೆ ಕ್ರಿಸ್ತನು ಕೊಟ್ಟಿಗೆಯಲ್ಲಿ ಹುಟ್ಟಿದ್ದು ಕೈದಿಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ ಅನ್ನುವ ಭಾವದಲ್ಲಿ ಬರೆದರು. ಇನ್ನೊಂದು ಪತ್ರದಲ್ಲಿ ಕ್ರಿಸ್ಮಸ್‌ಗೆ ಕಾಯುವುದನ್ನು ಸೆರೆವಾಸಕ್ಕೆ ಹೋಲಿಸಿದರು. ಒಳಗಿದ್ದವನು ಎಷ್ಟು ತಳ್ಳಿದರೂ ಆ ಬಾಗಿಲು ತೆರೆಯೋದಿಲ್ಲ. ಹೊರಗಿನಿಂದ ಒಬ್ಬರು ಬಂದು ತೆರೆಯಬೇಕು.

1944ರ ಕ್ರಿಸ್ಮಸ್ ಇನ್ನೂ ಕತ್ತಲೆ. ಆಗ ಗೆಸ್ಟಾಪೊ ಕಚೇರಿಯ ನೆಲಮಾಳಿಗೆಯಲ್ಲಿದ್ದರು. ಒಬ್ಬ ಅಣ್ಣ, ಇಬ್ಬರು ಭಾವಂದಿರು ಸಹ ಸೆರೆಯಲ್ಲಿ. ಡಿಸೆಂಬರ್ 19ರಂದು ಮರಿಯಾಗೆ ಬರೆದ ಪತ್ರದಲ್ಲಿ, ಆಕೆಗೂ ಮನೆಯವರಿಗೂ ಅಂತ ಒಂದು ಕವಿತೆ ಇಟ್ಟು ಕಳಿಸಿದರು. ದೇವರ ಕೈ ಸುತ್ತಲೂ ಇದೆ ಅನ್ನುವ ಭರವಸೆಯ ಕವಿತೆ. ಇವತ್ತಿಗೂ ಜರ್ಮನಿಯ ಸಭೆಗಳಲ್ಲಿ ಹೊಸ ವರ್ಷದ ಹೊಸ್ತಿಲಲ್ಲಿ ಅದನ್ನು ಹಾಡುತ್ತಾರೆ.

ಈಗ ಬಿಡುಗಡೆಯ ಸಾಕ್ಷಿ ಬರುತ್ತೆ ಅಂತ ಕಾಯ್ತಾ ಇದ್ದೀರಾ? ಬರಲ್ಲ ಪ್ರಿಯರೇ. 1945ರ ಏಪ್ರಿಲ್ 8, ಭಾನುವಾರ. ದಾರಿಯಲ್ಲಿ ಒಂದು ಶಾಲೆಯಲ್ಲಿ ಕೂಡಿಹಾಕಿದ್ದ ಕೈದಿಗಳಿಗೆ ಆರಾಧನೆ ನಡೆಸಿದರು. ಅದು ಮುಗಿಯುತ್ತಿದ್ದ ಹಾಗೆ ಅವರನ್ನು ಕರೆದುಕೊಂಡು ಹೋದರು. ಮರುದಿನ ಬೆಳಿಗ್ಗೆ ಫ್ಲೋಸೆನ್‌ಬರ್ಗ್ ಶಿಬಿರದಲ್ಲಿ ಗಲ್ಲಿಗೆ ಹಾಕಿದರು. ವಯಸ್ಸು 39. ಎರಡೇ ವಾರದಲ್ಲಿ ಅಮೆರಿಕದ ಸೈನ್ಯ ಬಂದು ಆ ಶಿಬಿರದ ಬಾಗಿಲು ತೆರೆಯಿತು. ಜುಲೈನಲ್ಲಿ ಲಂಡನ್‌ನಿಂದ ರೇಡಿಯೋದಲ್ಲಿ ಬಂದ ಜ್ಞಾಪಕಾರ್ಥ ಆರಾಧನೆ ಕೇಳಿ ತಂದೆತಾಯಿಗೆ ಮಗ ಇಲ್ಲ ಅಂತ ತಿಳಿಯಿತು.

ಎರಡು ವಾರ! ದೇವರಿಗೆ ಆಗ್ತಿರಲಿಲ್ವಾ? ಆಗ್ತಿತ್ತು. ನಾವು ಅದ್ಭುತ ಮಾಡುವ ದೇವರನ್ನು ನಂಬುವ ಜನ, ಅದನ್ನು ಬಿಡಲ್ಲ. ಆದರೆ ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ಪೂರ್ತಿ ಓದಿ. ದೂತನು ಬಂದು ಪೇತ್ರನನ್ನು ಸೆರೆಯಿಂದ ಬಿಡಿಸಿದ. ಅದೇ ಅಧ್ಯಾಯದ ಆರಂಭದಲ್ಲಿ ಯಾಕೋಬನು ಕತ್ತಿಗೆ ಬಲಿಯಾದ. ಅದೇ ಸಭೆ, ಅದೇ ದೇವರು. ಯಾಕೋಬನ ನಂಬಿಕೆ ಕಡಿಮೆ ಇತ್ತು ಅಂತ ವಾಕ್ಯ ಎಲ್ಲೂ ಹೇಳೋದಿಲ್ಲ.

ಹಾಗಾದರೆ ಕ್ರಿಸ್ಮಸ್ ನಿರೀಕ್ಷೆ ಅಂದರೇನು? ಈ ಡಿಸೆಂಬರ್‌ನಲ್ಲಿ ನಿಮ್ಮ ಬಾಗಿಲು ತೆರೆಯುತ್ತೆ ಅಂತ ನಾನು ತಾರೀಕು ಕೊಡಲಾರೆ. ಆದರೆ ಬಾಗಿಲು ತೆರೆಯುವುದಕ್ಕೆ ಮುಂಚೆಯೇ ಕರ್ತನು ಒಳಗೆ ಬಂದಿದ್ದಾನೆ. ಹೆರೋದ ಸಿಂಹಾಸನದ ಮೇಲೆ ಇರುವಾಗಲೇ ಬೇತ್ಲೆಹೇಮಿನಲ್ಲಿ ಮಗು ಹುಟ್ಟಿತು. ಕತ್ತಲೆ ಹೋದ ಮೇಲೆ ಬರೋಣ ಅಂತ ಆತನು ಕಾಯಲಿಲ್ಲ. ಇಮ್ಮಾನುವೇಲ್ ಅಂದರೆ ಅದೇ. ಕೊಟ್ಟಿಗೆಗೆ ಬಂದವನು ನಿಮ್ಮ ಪಿಜಿ ರೂಮಿಗೂ ಆಸ್ಪತ್ರೆಯ ವಾರ್ಡಿಗೂ ಬರುತ್ತಾನೆ. ಆತನು ಸಮಾಧಿಯ ಬಾಗಿಲನ್ನೇ ತೆರೆದದ್ದರಿಂದ ಬಾನ್‌ಹಾಫರ್ ಸೋತು ಹೋಗಲಿಲ್ಲ, ನೀವೂ ಸೋಲೋದಿಲ್ಲ. ಹಲ್ಲೆಲೂಯ!

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಪ್ರಾರ್ಥನೆಗೆ ಇನ್ನೂ ಉತ್ತರ ಬಂದಿಲ್ಲದಿದ್ದರೂ, ನಿಮ್ಮ ಹಾಗೆಯೇ ಕಾಯುತ್ತಿರುವ ಒಬ್ಬರಿಗೆ ಫೋನ್ ಮಾಡಿ, ಅವರ ಜೊತೆ ಪ್ರಾರ್ಥಿಸಿ.

ಕಣ್ಣು ಮುಚ್ಚೋಣ. ಕರ್ತನೇ, ಇನ್ನೂ ಮುಚ್ಚಿರುವ ಬಾಗಿಲುಗಳ ಹಿಂದೆ ಇರುವ ನಿನ್ನ ಮಕ್ಕಳ ಹತ್ತಿರ ಬಾ. ನೀನು ಒಳಗೆ ಇದ್ದೀಯ ಅಂತ ಪವಿತ್ರಾತ್ಮನ ಮೂಲಕ ತಿಳಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.