ಗಾಳಿಗೆ ಅಂಕೆಯಿಟ್ಟ ನಾವಿಕ

ಬ್ರಿಟನ್ನಿನ ರೇಡಿಯೋದಲ್ಲಿ ಹಡಗಿನವರಿಗಾಗಿ ಬಿತ್ತರವಾಗುವ ಹವಾಮಾನ ವಾರ್ತೆಯಲ್ಲಿ ಗಾಳಿಯ ಬಲವನ್ನು ಏಳು, ಎಂಟು, ಒಂಬತ್ತು ಎಂದು ಎಣಿಸಿ ಹೇಳುವುದನ್ನು ನಮ್ಮ ಕೂಟದ ಮಕ್ಕಳಲ್ಲಿ ಕೆಲವರಾದರೂ ಕೇಳಿರಬಹುದು. ಈ ಎಣಿಕೆಗೆ ಹೆಸರು ಕೊಟ್ಟವನು ಫ್ರಾನ್ಸಿಸ್ ಬೋಫರ್ಟ್ ಎಂಬ ನೌಕಾಧಿಕಾರಿ. 1774ರಲ್ಲಿ ಐರ್ಲೆಂಡಿನ ನ್ಯಾವನ್ ಎಂಬ ಊರಿನಲ್ಲಿ, ಧರ್ಮೋಪದೇಶದೊಡನೆ ಭೂಪಟ ರಚನೆಯಲ್ಲಿಯೂ ಆಸಕ್ತನಾಗಿದ್ದ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದ ಈತನು, ಹದಿನೈದನೆಯ ವಯಸ್ಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದನ್ನೇರಿ ಪೂರ್ವಸಮುದ್ರಕ್ಕೆ ಬಂದಾಗ, ಆ ಹಡಗು ಗ್ಯಾಸ್ಪರ್ ಜಲಸಂಧಿಯ ದಿಬ್ಬಕ್ಕೆ ತಗುಲಿ ನಾಶವಾಯಿತು. ಒಳ್ಳೆಯ ನಕ್ಷೆಯಿಲ್ಲದ ಕಡಲು ಎಂಥದೆಂಬುದನ್ನು ಎಳೆಯ ವಯಸ್ಸಿನಲ್ಲಿಯೇ ಕಂಡವನಿಗೆ, ಮುಂದೆ ನಕ್ಷೆಗಳೇ ಜೀವಿತಕಾರ್ಯವಾದುದು ಸಹಜವೇ ಸರಿ.

1800ರಲ್ಲಿ, ಬ್ರಿಟನ್ನಿನ ನೌಕಾಪಡೆಯವನಾಗಿ ಮಲಾಗಾದ ಬಳಿ ಸ್ಪೇನಿನ ಹಡಗೊಂದನ್ನು ಹಿಡಿಯುವಾಗ, ಈತನ ಮೈಗೆ ಹತ್ತೊಂಬತ್ತು ಗಾಯಗಳಾದವು. ಶೌರ್ಯದ ಈ ಕಥೆಯನ್ನು ಇಷ್ಟಕ್ಕೇ ಬಿಡುತ್ತೇನೆ. ನನ್ನ ಮನಸ್ಸನ್ನು ಹಿಡಿದಿರುವುದು ಕತ್ತಿಯಲ್ಲ, ದಿನಚರಿಯ ಪುಸ್ತಕ.

ವುಲ್ವಿಚ್ ಎಂಬ ಹಡಗಿನ ಅಧಿಪತ್ಯ ದೊರೆತ ಮೇಲೆ, 1806ರ ಜನವರಿಯಲ್ಲಿ, ಈತನು ತನ್ನ ದಿನಚರಿಯಲ್ಲಿ ಗಾಳಿಯ ಬಲಾಬಲಗಳಿಗೆ ಸೊನ್ನೆಯಿಂದ ತೊಡಗಿ ಅಂಕೆಗಳನ್ನು ಬರೆದುಕೊಂಡನು. ಒಬ್ಬ ಕಪ್ತಾನನಿಗೆ ಬಿರುಗಾಳಿಯಾಗಿ ತೋರಿದ್ದು ಮತ್ತೊಬ್ಬ ಗಟ್ಟಿಗನಿಗೆ ಬರಿಯ ಬೀಸುಗಾಳಿ. ಇಬ್ಬರ ದಿನಚರಿಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದುವವನಿಗೆ ಕಡಲಿನ ನಿಜಸ್ಥಿತಿ ತಿಳಿಯುವ ಬಗೆ ಹೇಗೆ? ಆದುದರಿಂದ ಬೋಫರ್ಟನು, ಗಾಳಿ ಮನುಷ್ಯನಿಗೆ ಹೇಗೆ ತೋರುತ್ತದೆಂಬುದನ್ನು ಬದಿಗಿರಿಸಿ, ಅದು ಹಡಗಿಗೆ ಏನು ಮಾಡುತ್ತದೆಂಬುದನ್ನೇ ಅಳತೆಯಾಗಿ ಹಿಡಿದನು: ಎಲ್ಲ ಹಾಯಿಗಳನ್ನೂ ಬಿಚ್ಚಿದರೂ ಹಡಗು ಮೆಲ್ಲನೆ ಸಾಗುವಷ್ಟು ಎಲರಿದ್ದರೆ ಕಿರಿಯ ಅಂಕೆ, ಗಾಳಿ ಬಲಿತಂತೆಲ್ಲ ಹಾಯಿಗಳನ್ನು ಒಂದೊಂದಾಗಿ ಸುತ್ತಿಡಬೇಕಾಗುವುದು, ಕಟ್ಟಕಡೆಯ ಹನ್ನೆರಡೆಂದರೆ, ಯಾವ ಹಾಯಿಯೂ ತಾಳಲಾರದ ಚಂಡಮಾರುತ. ಇಂಥ ಯತ್ನವನ್ನು ಮೊದಲು ಮಾಡಿದವನು ಇವನೇ ಎಂದರೆ ತಪ್ಪಾದೀತು. ಕಂಪನಿಯ ನಕ್ಷಾಧಿಕಾರಿಯಾಗಿದ್ದ ಅಲೆಗ್ಸಾಂಡರ್ ಡಾಲ್ರಿಂಪಲನೇ ಮೊದಲಾದವರು ಆ ಹಾದಿಯನ್ನು ಆಗಲೇ ತುಳಿದಿದ್ದರು. ಅದನ್ನು ರಾಜಮಾರ್ಗವಾಗಿ ಮಾಡಿದವನು ಬೋಫರ್ಟ್.

ಅಂಕೆ ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಎಣಿಕೆಯ ಗುರುತು ಎಂದೂ ಅರ್ಥವುಂಟು, ಹತೋಟಿ ಎಂದೂ ಅರ್ಥವುಂಟು. ಗಾಳಿಯ ವಿಷಯದಲ್ಲಿ ಈತನಿಗೆ ಒದಗಿದ್ದು ಮೊದಲನೆಯದು ಮಾತ್ರ.

1829ರಲ್ಲಿ, ಐವತ್ತೈದನೆಯ ವಯಸ್ಸಿನಲ್ಲಿ, ನೌಕಾಪಡೆಯ ಜಲನಕ್ಷಾ ವಿಭಾಗದ ಮುಖ್ಯಸ್ಥನಾಗಿ, ಮುಂದೆ ಇಪ್ಪತ್ತಾರು ವರ್ಷ ದುಡಿದ ಈತನು ಕಡಲಿನ ನಾನಾ ದಿಕ್ಕುಗಳಿಗೆ ಮೋಜಣಿಯ ಹಡಗುಗಳನ್ನು ಕಳುಹಿಸಿದನು. 1831ರಲ್ಲಿ ಹೊರಟ ಬೀಗಲ್ ಹಡಗಿಗೆ ಚಾರ್ಲ್ಸ್ ಡಾರ್ವಿನ್ನನು ಸೇರುವಂತಾದುದೂ ಈತನ ಮೂಲಕವೇ. ಅದೇ ಯಾನದಲ್ಲಿ ಕಪ್ತಾನ ಫಿಟ್ಸ್‌ರಾಯನು ಈ ಗಾಳಿಮಾನವನ್ನು ಬಳಸಿದನು. 1838ರಲ್ಲಿ ನೌಕಾಪಡೆಯೆಲ್ಲವೂ ಅದನ್ನು ಅಂಗೀಕರಿಸಿತು. ಬೋಫರ್ಟನು 1857ರಲ್ಲಿ ತೀರಿಕೊಂಡನು.

ಹಾಯಿಹಡಗುಗಳ ಕಾಲ ಮುಗಿದರೂ ಅಂಕೆಗಳು ಉಳಿದುವು. ನೆಲದ ಮೇಲಿರುವವರಿಗಾಗಿ ಅವುಗಳ ಲಕ್ಷಣಗಳನ್ನು 1906ರಲ್ಲಿ ನಿರೂಪಿಸಿದ ಜಾರ್ಜ್ ಸಿಂಪ್ಸನ್ ಎಂಬ ವಿಜ್ಞಾನಿ ಭಾರತದ ಹವಾಮಾನ ಇಲಾಖೆಯಲ್ಲಿಯೂ ಸೇವೆ ಸಲ್ಲಿಸಿದ್ದನು. ಮಕ್ಕಳೇ, ನಾಳೆ ಶಾಲೆಗೆ ಹೊರಡುವ ಮುನ್ನ ಕಿಟಕಿಯಿಂದ ಹೊರಗೆ ನೋಡಿರಿ. ಹೊಗೆ ನೆಟ್ಟಗೆ ಮೇಲೇರುತ್ತಿದ್ದರೆ ಸೊನ್ನೆ. ಎಲೆಗಳು ಮರ್ಮರಗುಟ್ಟಿದರೆ ಎರಡು. ಧೂಳೂ ಕಾಗದದ ಚೂರುಗಳೂ ಎದ್ದು ಹಾರಿದರೆ ನಾಲ್ಕು. ಕೊಡೆ ಹಿಡಿಯುವುದು ಕಷ್ಟವಾಯಿತೆಂದರೆ ಆರು ಎಂದು ಬರೆದುಕೊಳ್ಳಿರಿ.